ಅತ್ತೆಯ ಸ್ಕ್ರೂ ಹಲ್ಲು ಮತ್ತು ನನ್ನ ಡಾಕ್ಟರು

ನನ್ನ ಗಂಟಲೊಳಗೆ ಸುಮಾರು ನಲವತ್ತು ಜನ ವಾಸವಾಗಿದ್ದಾರೆ. ನಮ್ಮಪ್ಪ, ನಮ್ಮ ಬೀದಿಯ ಹಾಲಿನವನು, ಕಾಲೇಜಿನ ಅಕೌಂಟೆನ್ಸಿ ಮೇಷ್ಟ್ರು, ನಂಜನಗೂಡು–ನರಸೀಪುರ ಬಸ್ಸಿನ ಕಂಡಕ್ಟರು, ಮದುವೆ ಮನೆಯಲ್ಲಿ ಪಾಯಸ ಬಡಿಸುತ್ತ ಬೇಡ ಅನ್ನುವವರ ಎಲೆಗೇ ಎರಡು ಸೌಟು ಸುರಿಯುವ ನಮ್ಮ ದೊಡ್ಡಪ್ಪ. ಇವರು ಯಾರೂ ಬಾಡಿಗೆ ಕೊಡುವುದಿಲ್ಲ, ಆದರೆ ಕರೆದ ತಕ್ಷಣ ಹೊರಗೆ ಬರುತ್ತಾರೆ. ನಾನು ಅವರ ದನಿಯಲ್ಲಿ ಮಾತಾಡಿದರೆ ಜನ ನಗುತ್ತಾರೆ. ನನ್ನ ದನಿಯಲ್ಲೇ ಮಾತಾಡಿದರೆ, 'ಯಾಕೋ, ಮೈ ಹುಷಾರಿಲ್ವಾ?' ಅಂತಾರೆ.

ಆ ನಲವತ್ತರಲ್ಲಿ ಒಬ್ಬರು ಹಲ್ಲಿನ ಡಾಕ್ಟರು. ಮೈಸೂರಿನವರು. ಅವರನ್ನು ನಾನು ಹೊರಗೆ ಬಿಟ್ಟದ್ದು ಮೂರೇ ಸಲ. ನಾಲ್ಕನೆಯ ಸಲ ಬಿಡುವುದಿಲ್ಲ.

ನನ್ನ ಸೋದರತ್ತೆ, ಅಂದರೆ ನಮ್ಮಪ್ಪನ ಅಕ್ಕ, ತಿ. ನರಸೀಪುರದಲ್ಲಿ ಪ್ರೈಮರಿ ಸ್ಕೂಲ್ ಹೆಡ್‌ಮಿಸ್ಸು. ನಾವು ನಂಜನಗೂಡು. ಅತ್ತೆಗೆ ಮಕ್ಕಳಿಲ್ಲ, ಮಾವ ತೀರಿಕೊಂಡು ಬಹಳ ವರ್ಷವಾಗಿತ್ತು. ಹಾಗಂತ ಅವರ ಮನೆ ಯಾವತ್ತೂ ಖಾಲಿ ಇರುತ್ತಿರಲಿಲ್ಲ. ಓದಿದ ಮಕ್ಕಳು, ಆ ಮಕ್ಕಳ ಮಕ್ಕಳು, ಅರ್ಜಿ ಬರೆಸಿಕೊಳ್ಳುವವರು, ಜಗಳ ಬಿಡಿಸಿಕೊಳ್ಳುವವರು, ಯಾರಾದರೂ ಜಗುಲಿಯ ಮೇಲೆ ಕೂತೇ ಇರುತ್ತಿದ್ದರು. ಮಾತು ಅವರ ಕಸುಬು. ಬೆಳಗಿನ ಪ್ರಾರ್ಥನೆಗೆ ಅವರು ಮೈಕಿಲ್ಲದೆ 'ಸಾವಧಾನ್' ಅಂದರೆ ಪಕ್ಕದ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದವರೂ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದರು.

ಆ ಬಾಯಿಯ ಮೇಲಿನ ಸಾಲಿನ ಮುಂದಿನ ಹಲ್ಲೊಂದು ಒಂದು ಮಧ್ಯಾಹ್ನ ಹೋಯಿತು. ಖೋ-ಖೋ ಆಡಿಸುತ್ತಿದ್ದಾಗ ಓಡಿ ಬಂದ ಹುಡುಗಿಯೊಬ್ಬಳ ತಲೆ ಸರಿಯಾಗಿ ಬಾಯಿಗೇ ಬಡಿಯಿತು. ನರಸೀಪುರದಲ್ಲೇ ತೆಗೆದು ಹಾಕುವ ಹಲ್ಲು ಮಾಡಿಸಿಕೊಂಡರು. ಗುಲಾಬಿ ಬಣ್ಣದ ಒಂದು ತಗಡಿನಂಥದ್ದು ಅಂಗುಳಿಗೆ ಅಂಟಿಕೊಂಡು ಕೂರುತ್ತಿತ್ತು. ಆದರೆ ಜೋರಾಗಿ ಮಾತಾಡಿದರೆ ಕಳಚುತ್ತಿತ್ತು. ಆಗ ಅತ್ತೆ ಮಾತಿನ ಮಧ್ಯೆ ನಿಂತು, ನಾಲಿಗೆಯಿಂದ ಅದನ್ನು ಮೇಲಕ್ಕೆ ಒತ್ತಿ, 'ಟಕ್' ಅನ್ನಿಸಿ, ಮುಂದುವರಿಸುತ್ತಿದ್ದರು. 'ಮಕ್ಕಳೇ, ಎಲ್ಲರೂ ಸಾಲಾಗಿ... ಟಕ್... ನಿಂತ್ಕೊಳ್ಳಿ.'

ಇಂಥದ್ದನ್ನು ಬಿಡುವ ಆಸಾಮಿಯೇ ನಾನು? ನನ್ನ ದೊಡ್ಡಪ್ಪನ ಮೊಮ್ಮಗುವಿನ ನಾಮಕರಣ. ಊಟ ಮುಗಿಸಿ ಎಲ್ಲರೂ ಎಲೆ ಅಡಿಕೆ ಹಾಕಿಕೊಂಡು ನಡುಮನೆಯಲ್ಲಿ ಕೂತಿದ್ದರು. ಯಾರೋ ಕೀ ಕೊಟ್ಟರು, 'ಮಾಡ್ಲಾ ಏನಾದ್ರೂ.' ನಾನು ಹೆಗಲಿಗೆ ಟವಲನ್ನು ಸೆರಗಿನ ಥರ ಹೊದ್ದು, ಅತ್ತೆಯಾಗಿ ನಿಂತು, ಮಗುವಿನ ಕಿವಿಯಲ್ಲಿ ಹೆಸರು ಹೇಳಿದೆ. ಹೆಸರಿನ ಮಧ್ಯೆ ಟಕ್. ಎರಡನೇ ಸಲ ಟಕ್. ಮೂರನೇ ಸಲ ಹಲ್ಲು ತೊಟ್ಟಿಲೊಳಕ್ಕೆ ಬಿತ್ತು, ಅದನ್ನು ಹುಡುಕುತ್ತ ಇಡೀ ತೊಟ್ಟಿಲನ್ನೇ ತಡಕಾಡಿದೆ. ನಮ್ಮಪ್ಪ ನಕ್ಕು ಕೆಮ್ಮಿ ನೀರು ಕೇಳಿದರು. ಅತ್ತೆಯೂ ಅಲ್ಲೇ ಇದ್ದರು. ಕಣ್ಣಲ್ಲಿ ನೀರು ಬರುವಂತೆ ನಕ್ಕು, 'ಅಯ್ಯೋ ಮುಂಡೇದೇ, ಇನ್ನೊಂದ್ಸಲ ಮಾಡೋ' ಅಂದರು. ಮಾಡಿದೆ. ಆದರೆ ಎರಡನೇ ಸಲ ನಗುವಾಗ ಅವರು ಸೆರಗನ್ನು ಬಾಯಿಗೆ ಅಡ್ಡ ಹಿಡಿದಿದ್ದರು. ಅದನ್ನು ನಾನು ನೋಡಿದೆ. ನೋಡಿಯೂ ಮಾಡಿದೆ.

ಆಮೇಲೆ ಆ ಸೆರಗು ಬಾಯಿ ಬಿಟ್ಟು ಇಳಿಯಲೇ ಇಲ್ಲ. ಪ್ರಾರ್ಥನೆಯನ್ನು ಬೇರೆ ಟೀಚರ್ ಮಾಡಿಸತೊಡಗಿದರು. ಆರು ತಿಂಗಳಾದ ಮೇಲೆ ಅತ್ತೆ ನಮ್ಮ ಮನೆಗೆ ಬಂದು ಅಪ್ಪನ ಹತ್ತಿರ ಹೇಳಿದರು, 'ಮೈಸೂರಲ್ಲಿ ಮೂಳೆಗೇ ಸ್ಕ್ರೂ ಹಾಕಿ ಹಲ್ಲು ಕೂರಿಸ್ತಾರಂತೆ. ಹಾಕಿಸ್ಕೋತೀನಿ ಕಣೋ. ಟಕ್ ಅನ್ನಲ್ವಂತೆ.' ಹೇಳುವಾಗ ನನ್ನ ಕಡೆ ನೋಡಲಿಲ್ಲ. ನೋಡಿ ಬೈದಿದ್ದರೆ ವಾಸಿಯಿತ್ತು.

ನಾನಾಗ ಮೈಸೂರಿನ ಕಾಲೇಜಿಗೆ ದಿನಾ ಹೋಗಿ ಬರುತ್ತಿದ್ದೆ. ಅತ್ತೆಗೆ ಜೊತೆಯಾಗಿ ಕ್ಲಿನಿಕ್ಕಿಗೆ ಹೋಗುವ ಕೆಲಸ ನನಗೇ ಬಂತು. ಡಾಕ್ಟರಿಗೆ ಐವತ್ತರ ಹತ್ತಿರ. ಒಳ್ಳೆಯ ಮನುಷ್ಯ, ಮಾತು ಕಡಿಮೆ, ಇರುವ ಮಾತೆಲ್ಲ ಮೂಗಿನಿಂದ ಹೊರಟು ಮಾಸ್ಕಿನೊಳಗೆ ಒಂದು ಸುತ್ತು ಹೊಡೆದು ಹೊರಗೆ ಬರುತ್ತಿತ್ತು. 'ಹೇಳೀಮ್ಮಾ... ಹಾಂ, ಹಾಂ... ವೆರಿ ಗುಡ್, ವೆರಿ ಗುಡ್.' ಮೊದಲ ದಿನ ಬಸ್ ಸ್ಟ್ಯಾಂಡ್ ತಲುಪುವಷ್ಟರಲ್ಲಿ ಅವರು ನನ್ನ ಗಂಟಲೊಳಗೆ ಮನೆ ಮಾಡಿಯಾಗಿತ್ತು. ಬಸ್ಸಿನಲ್ಲಿ ಅತ್ತೆಗೆ ಮಾಡಿ ತೋರಿಸಿದೆ. 'ಥೂ, ದೇವ್ರಂಥ ಮನುಷ್ಯರನ್ನ ಆಡ್ಕೋಬೇಡ' ಅಂತ ತೊಡೆಗೆ ಹೊಡೆದರು.

ಸ್ಕ್ರೂ ಹಾಕಿ, ಮೂಳೆ ಕಚ್ಚಿಕೊಳ್ಳಲಿ ಅಂತ ನಾಲ್ಕು ತಿಂಗಳು ಬಿಟ್ಟು, ಮೇಲೆ ಹಲ್ಲು ಕೂರಿಸಿದರು. ಎಷ್ಟು ಚೆನ್ನಾಗಿತ್ತೆಂದರೆ ಯಾವುದು ಹೊಸದು ಅಂತ ನನಗೇ ಗೊತ್ತಾಗಲಿಲ್ಲ. ಆ ವರ್ಷ ಏಳನೇ ಕ್ಲಾಸಿನ ಗ್ರೂಪ್ ಫೋಟೋದಲ್ಲಿ ಅತ್ತೆ ಬಾಯಿ ತುಂಬ ನಕ್ಕಿದ್ದಾರೆ. ಸೆರಗು ಹೆಗಲ ಮೇಲಿದೆ. ಆ ಫೋಟೋ ನಮ್ಮ ಮನೆಯ ಗೋಡೆಯ ಮೇಲೂ ಇದೆ. ಅದರ ಕೆಳಗೆ ಕೂತು ಊಟ ಮಾಡುವುದು ನನಗೆ ಇವತ್ತಿಗೂ ಕಷ್ಟ.

ಹಲ್ಲು ಕೂರಿಸಿದ ದಿನ ಡಾಕ್ಟರು ಹೇಳಿದ್ದರು: ಮೆತ್ತನೆ ಬ್ರಶ್ಶು, ಪೇಸ್ಟು, ಹಲ್ಲು ಒಸಡು ಸೇರುವ ಕಡೆ ಹುಷಾರಾಗಿ ಶುಚಿ ಮಾಡಬೇಕು, ಆಗಾಗ ಬಂದು ತೋರಿಸಬೇಕು. ಅತ್ತೆ ಎಲ್ಲಕ್ಕೂ ತಲೆಯಾಡಿಸಿದರು. ಬಸ್ಸು ಮೈಸೂರು ದಾಟಿದ ಮೇಲೆ ನನ್ನ ಕಡೆ ತಿರುಗಿದರು.

'ಲೇ, ನನ್ನ ಪುಡಿ ವಿಷ್ಯ ಕೇಳ್ಲೇ ಇಲ್ವಲ್ಲೋ.'

ಅತ್ತೆಯ ಪುಡಿ ಅಂದರೆ ಹಲ್ಲುಪುಡಿ. ಭತ್ತದ ಹೊಟ್ಟನ್ನು ಹಿತ್ತಲಲ್ಲಿ ಗುಡ್ಡೆ ಹಾಕಿ ಸುಟ್ಟು, ಬೂದಿಯಾಗುವ ಮೊದಲೇ ನೀರು ಚಿಮುಕಿಸಿ ಕರಿ ಮಾಡಿ, ಉಪ್ಪು, ಪಟಿಕ, ಲವಂಗ ಸೇರಿಸಿ ಕುಟ್ಟಿ, ಜರಡಿ ಹಿಡಿದ ಪುಡಿ. ಅವರ ಅಜ್ಜಿಯಿಂದ ಬಂದದ್ದು. ಪ್ರತಿ ವರ್ಷ ಸುಗ್ಗಿ ಮುಗಿದ ಮೇಲೆ ನಮ್ಮ ಮನೆಗೆ, ಬಿಳಿಗೆರೆಯ ದೊಡ್ಡಪ್ಪನ ಮನೆಗೆ, ಸುತ್ತೂರಿನಲ್ಲಿ ಹಾಸ್ಟೆಲಿನಲ್ಲಿದ್ದ ನೆಂಟರ ಮಕ್ಕಳಿಗೆ, ಎಲ್ಲರಿಗೂ ಡಬ್ಬಿ ಡಬ್ಬಿ ಬರುತ್ತಿತ್ತು. ನಮ್ಮ ವಂಶದವರೆಲ್ಲ ಬೆಳಗಾಗೆದ್ದು ಕರಿ ಬಾಯಿ ಬಿಟ್ಟುಕೊಂಡು ಬಚ್ಚಲ ಮುಂದೆ ನಿಂತು ತೋರುಬೆರಳಲ್ಲಿ ಗಸಗಸ ಉಜ್ಜಿಕೊಂಡೇ ಬೆಳೆದವರು. ಎಂಬತ್ತು ದಾಟಿದ ದೊಡ್ಡಜ್ಜ ಆ ಪುಡಿಯ ಪ್ರತಾಪದಿಂದ ಕಬ್ಬು ಸಿಗಿಯುತ್ತಿದ್ದರು. ಪೇಸ್ಟು ಅಂದರೆ ನಮ್ಮಲ್ಲಿ ಸೋಮಾರಿಗಳ ಲಕ್ಷಣ.

'ನೀನು ದಿನಾ ಹೋಗ್ತೀಯಲ್ಲ, ಹೋಗುವಾಗ ಒಂದ್ ಮಾತು ಕೇಳ್ಕೊಂಡ್ ಬಾ. ಈ ಹಲ್ಲಿಗೆ ನನ್ನ ಪುಡಿ ಆಗ್ತದಾ ಅಂತ. ಬೇಡ ಅಂದ್ರೆ ಬಿಟ್ಬಿಡ್ತೀನಿ.'

'ಆಯ್ತು ಅತ್ತೆ' ಅಂದೆ. ಬೇಡ ಅಂದರೆ ಬಿಟ್ಟುಬಿಡುತ್ತೇನೆ ಅಂತ ಅವರೇ ಹೇಳಿದ್ದರು, ಗಮನಿಸಿ. ನಾನು ಮಾಡಬೇಕಾಗಿದ್ದದ್ದು ಕಾಲೇಜಿನಿಂದ ಎರಡು ರಸ್ತೆ ದಾಟಿ ಹೋಗಿ ಒಂದು ಮಾತು ಕೇಳುವುದು.

ಹೋಗಲಿಲ್ಲ. ಮೊದಲ ದಿನ ಮರೆತೆ. ಎರಡನೇ ದಿನ ನೆನಪಿತ್ತು, ಬಿಸಿಲಿತ್ತು. ಮೂರನೇ ದಿನ ಸಿನಿಮಾ ಇತ್ತು. ನಾಲ್ಕನೇ ದಿನ ಅತ್ತೆ ನಮ್ಮ ಮನೆಗೆ ಫೋನ್ ಮಾಡಿದರು. ನಾನು ಬಾಯಿಗೆ ಬಂದದ್ದು ಹೇಳಿದೆ, 'ಡಾಕ್ಟ್ರು ಬ್ಯುಸಿ ಇದ್ರು ಅತ್ತೆ. ನಂಬರ್ ಕೊಟ್ಟಿದೀನಿ, ಅವ್ರೇ ಫೋನ್ ಮಾಡ್ತಾರಂತೆ.'

'ನಂಗಾ? ಅವ್ರೇನಾ?' ಅತ್ತೆಯ ದನಿ ಒಂದು ಮೆಟ್ಟಿಲು ಮೇಲೆ ಹತ್ತಿತು.

ಮಾರನೇ ದಿನ ಸಾಯಂಕಾಲ ಮೈಸೂರಿನ ಬಸ್ ಸ್ಟ್ಯಾಂಡಿನ ಕಾಯಿನ್ ಬಾಕ್ಸಿನ ಮುಂದೆ ನಾನು, ಸುತ್ತ ಮೂವರು ಗೆಳೆಯರು. ಮೊಬೈಲು ಊರಿಗೆ ಬಂದಿತ್ತು, ನಮ್ಮ ಜೇಬಿಗೆ ಬಂದಿರಲಿಲ್ಲ. 'ನಿಮ್ಮತ್ತೆ ಕಂಡಿಡಿತಾರೆ ಕಣ್ಲಾ' ಅಂದ ಒಬ್ಬ. 'ಹತ್ತು ಎಣಿಸೋದ್ರೊಳಗೆ ಕಂಡಿಡಿತಾರೆ' ಅಂದ ಇನ್ನೊಬ್ಬ. ನನಗೆ ಅಷ್ಟು ಸಾಕಿತ್ತು. ಒಂದು ರೂಪಾಯಿ ಹಾಕಿ, ಕರ್ಚೀಫನ್ನು ಬಾಯಿಗೆ ಹಿಡಿದು ಮೂಗಿನಿಂದ ಶುರುಮಾಡಿದೆ.

'ಹೇಳೀಮ್ಮಾ... ಹೇಗಿದೆ ನಮ್ಮ ಹಲ್ಲು?'

ಆ ಕಡೆ ಅತ್ತೆ ಎದ್ದು ನಿಂತದ್ದು ನನಗೆ ಫೋನಿನಲ್ಲೇ ಕೇಳಿಸಿತು. ಕುರ್ಚಿ ಸರಿದ ಸದ್ದು. 'ಡಾಕ್ಟ್ರೇ! ನಮಸ್ಕಾರ ಡಾಕ್ಟ್ರೇ! ನೀವ್ಯಾಕೆ ತೊಂದ್ರೆ ತಗೊಂಡ್ರಿ?'

'ಹಾಂ, ಹಾಂ. ಏನೋ ಪುಡಿ ಅಂದ್ರಂತಲ್ಲಾ.'

ಅತ್ತೆ ಪುಡಿಯ ವಂಶಾವಳಿಯನ್ನೇ ಹೇಳಿದರು. ಅಜ್ಜಿ, ಹೊಟ್ಟು, ಪಟಿಕ, ದೊಡ್ಡಜ್ಜನ ಕಬ್ಬು. ಕೊನೆಗೆ, 'ಹಾಕ್ಬೋದಾ ಡಾಕ್ಟ್ರೇ?'

ನಾನು 'ಬೇಡ' ಅನ್ನಬಹುದಿತ್ತು. ಬೇಡ ಅಂದರೆ ಅತ್ತೆ 'ಯಾಕೆ' ಅಂತ ಕೇಳುತ್ತಾರೆ. ಯಾಕೆ ಅಂತ ನನಗೆ ಗೊತ್ತಿರಲಿಲ್ಲ. ಆದ್ದರಿಂದ ಸುಲಭದ ಉತ್ತರ ಕೊಟ್ಟೆ. 'ಧಾರಾಳವಾಗಿ ಉಜ್ಜೀಮ್ಮಾ. ವೆರಿ ಗುಡ್, ವೆರಿ ಗುಡ್.'

ಗೆಳೆಯರು ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದರು. ನನ್ನ ಇಂಥ ಆಟಗಳಿಗೆಲ್ಲ ಒಂದು ಕೊನೆ ಇರುತ್ತಿತ್ತು. 'ನಾನು ಕಣತ್ತೆ!' ಅನ್ನುವುದು. ಅನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆ ಹೇಳಿದರು, 'ಎಷ್ಟು ಜನ ಪೇಷಂಟುಗಳಿರ್ತಾರೆ, ನನ್ನನ್ನ ನೆನಪಿಟ್ಕೊಂಡು ಫೋನ್ ಮಾಡಿದ್ರಲ್ಲ...' ದನಿ ತುಂಬಿ ಬಂದಿತ್ತು. ನಾನು ಒಂದು ಉಸಿರು ತಡಮಾಡಿದೆ. ಲೈನು ಕುಂಯ್ ಅಂದು ಕಟ್ಟಾಯಿತು. ಜೇಬಿನಲ್ಲಿ ಇನ್ನೊಂದು ಕಾಯಿನ್ ಇತ್ತು. ಅದರಲ್ಲಿ ಕಡಲೆಕಾಯಿ ತಿಂದೆವು.

ಭಾನುವಾರ ಹೋಗಿ ಹೇಳಿದರಾಯಿತು ಅಂದುಕೊಂಡೆ. ಭಾನುವಾರ ನರಸೀಪುರಕ್ಕೆ ಹೋದರೆ, ಅತ್ತೆ ಜಗುಲಿಯಲ್ಲಿ ಎದುರು ಮನೆಯವರಿಗೆ ಆ ಫೋನಿನ ಕಥೆ ಹೇಳುತ್ತಿದ್ದರು.

'ಡಾಕ್ಟ್ರೇ ಪೋನ್ ಮಾಡಿದ್ರಾ ಟೀಚರಮ್ಮ?'

'ಅವ್ರೇ ಕಣ್ರೀ! ಹೇಗಿದೆ ನಮ್ಮ ಹಲ್ಲು ಅಂದ್ರು. ನಿಮ್ಮ ಹಲ್ಲು ಅನ್ಲಿಲ್ಲ, ನಮ್ಮ ಹಲ್ಲು ಅಂದ್ರು.'

ಎದುರು ಮನೆಯಾಕೆ ಕೆನ್ನೆಗೆ ಕೈ ಹಚ್ಚಿಕೊಂಡರು. ನಾನು ಒಳಗೆ ಹೋಗಿ ಕೋಡುಬಳೆ ತಿಂದೆ. ಅವತ್ತು ನನಗೆ ತಪ್ಪು ಮಾಡಿದೆ ಅನ್ನಿಸಲೇ ಇಲ್ಲ, ಒಳಗೊಳಗೇ ನಗುತ್ತಿದ್ದೆ. ಅದನ್ನೂ ಬರೆದುಬಿಡುತ್ತೇನೆ.

ಮೂರು ತಿಂಗಳಿಗೆ ಒಸಡು ಬಾತುಕೊಂಡಿತು. ಆ ಹಲ್ಲಿನ ಸುತ್ತ ಮಾತ್ರ ಕೆಂಪು ಉಂಗುರ ತೊಡಿಸಿದ ಹಾಗೆ. ಒತ್ತಿದರೆ ಕೀವು. 'ಬಾಯೊಳಗೆ ಯಾರೋ ಹಳೇ ತಾಮ್ರದ ಚೊಂಬು ಇಟ್ಟಂಗೆ ರುಚಿ ಕಣೋ' ಅಂದರು ಅತ್ತೆ. ಡಾಕ್ಟರು ಮರಗಟ್ಟಿಸಿ, ಸುತ್ತ ಕೆರೆದು, ಔಷಧಿ ನೀರಿನಲ್ಲಿ ತೊಳೆದು, ಐದು ದಿನದ ಮಾತ್ರೆ ಬರೆದರು. ಕೈ ತೊಳೆಯುತ್ತ ಕೇಳಿದರು, 'ನಾನು ಹೇಳಿದ ಹಾಗೇ ಕ್ಲೀನ್ ಮಾಡ್ಕೋತಿದೀರಲ್ಲಾ?'

ಅತ್ತೆ ಅಭಿಮಾನದಿಂದ, 'ನೀವು ಹೇಳಿದಂಗೇ ಡಾಕ್ಟ್ರೇ.'

'ವೆರಿ ಗುಡ್, ವೆರಿ ಗುಡ್.'

ಇಬ್ಬರೂ ಸಮಾಧಾನದಿಂದ ನಕ್ಕರು. ಮಧ್ಯೆ ಸ್ಟೂಲಿನ ಮೇಲೆ ಕೂತಿದ್ದ ನಾನು ಗೋಡೆಯ ಮೇಲಿನ ಹಲ್ಲಿನ ಚಾರ್ಟು ಓದತೊಡಗಿದೆ. ಒಂದು ವೇಳೆ ಅತ್ತೆ 'ನೀವು ಫೋನಿನಲ್ಲಿ ಹೇಳಿದ ಪುಡಿ' ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅನ್ನಲಿಲ್ಲ. ಹೊರಗೆ ಬಂದ ಮೇಲೆ ನಾನೇ ಮೆಲ್ಲಗೆ ಕೆದಕಿದೆ, 'ಪುಡಿ ವಿಷ್ಯ ಅವ್ರಿಗೆ ನೆನಪಿದ್ಯೋ ಇಲ್ವೋ, ಕೇಳ್ಬೇಕಿತ್ತು ಅತ್ತೆ.' ಅತ್ತೆ ನನ್ನನ್ನೇ ದಡ್ಡನ ಹಾಗೆ ನೋಡಿದರು. 'ಅಲ್ಲಿ ಅವ್ರ ಕೈ ಕೆಳಗೆ ಕಲಿಯೋ ಹುಡುಗ್ರು ಇಬ್ರು ನಿಂತಿದ್ರು. ಅವ್ರ ಮುಂದೆ, ನೀವೇ ಹೇಳಿದ್ದು, ಈಗ ಕೀವಾಗಿದೆ ಅನ್ನೋದಾ? ದೊಡ್ಡವರಿಗೆ ಹಾಗೆಲ್ಲ ಅನ್ಬಾರ್ದು.'

ನಮ್ಮ ಮನೆಗಳಲ್ಲಿ ಈ ಒಂದು ಅಭ್ಯಾಸ ಇದೆ. ಬಡಿಸಿದವರ ಮುಂದೆ ಸಾರಿಗೆ ಉಪ್ಪು ಕಡಿಮೆ ಅನ್ನುವುದಿಲ್ಲ. ಮೇಷ್ಟ್ರು ಬೋರ್ಡಿನ ಮೇಲೆ ತಪ್ಪು ಬರೆದರೆ ನಾವೂ ತಪ್ಪೇ ಬರೆದುಕೊಳ್ಳುತ್ತೇವೆ. ಅತ್ತೆ ತಮ್ಮ ಒಸಡನ್ನೇ ಕೊಟ್ಟು ಒಬ್ಬ ಡಾಕ್ಟರ ಮರ್ಯಾದೆ ಉಳಿಸುತ್ತಿದ್ದರು. ಆ ಡಾಕ್ಟರು ಇದ್ದದ್ದು ನನ್ನ ಗಂಟಲಲ್ಲಿ.

ಮತ್ತೆರಡು ತಿಂಗಳಿಗೆ ಮತ್ತೆ ಬಾತುಕೊಂಡಿತು. ಮತ್ತೆ ಕೆರೆದರು, ತೊಳೆದರು, ಮಾತ್ರೆ ಕೊಟ್ಟರು. ವಾಸಿಯಾಯಿತು, ತಿರುಗಿ ಬಂತು. ಒಸಡು ನೋವು ಬಂದರೆ ಅತ್ತೆಗೆ ಗೊತ್ತಿದ್ದ ಮದ್ದು ಒಂದೇ, ಪುಡಿ. ನೋವು ಹೆಚ್ಚಾದಷ್ಟೂ ಒಂದು ಚಿಟಿಕೆ ಜಾಸ್ತಿ ಹಾಕಿ, ಅಲ್ಲೇ ಇನ್ನೂ ಎರಡು ನಿಮಿಷ ಉಜ್ಜುತ್ತಿದ್ದರು. ನಾನು ನರಸೀಪುರದಲ್ಲಿ ಉಳಿದ ಬೆಳಗುಗಳಲ್ಲಿ ಹಿತ್ತಲಿನಿಂದ ಆ ಗಸಗಸ ಸದ್ದು ಬರುವಾಗ ಹೊದಿಕೆ ತಲೆ ಮೇಲೆ ಎಳೆದುಕೊಳ್ಳುತ್ತಿದ್ದೆ.

ಒಂದು ಸಲ ಮೆತ್ತನೆಯ ಬ್ರಶ್ಶು ಕೊಂಡುಕೊಂಡು ಹೋಗಿ ಕೊಟ್ಟೆ. 'ಅತ್ತೆ, ಇದ್ರಲ್ಲಿ ಉಜ್ಜಿ. ಪುಡಿ ಬೇಡ. ಅದು ತರಿ ತರಿ ಇರ್ತದೆ, ಒಳಗೆ ಹೋಗಿ ಕೂತ್ಕೋತದೇನೋ.'

'ಡಾಕ್ಟ್ರು ಧಾರಾಳವಾಗಿ ಉಜ್ಜಿ ಅಂದವ್ರೆ. ಈಗ ನಿನ್ನ ಮಾತು ಕೇಳ್ಲೋ, ಅವ್ರ ಮಾತು ಕೇಳ್ಲೋ?'

ಈ ಪ್ರಶ್ನೆಗೆ ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ನಾನು ಕಾಫಿ ಕುಡಿದು ನುಂಗಿಕೊಂಡೆ. ಮುಂದಿನ ಸಲ ಹೋದಾಗ ಆ ಬ್ರಶ್ಶಿನಲ್ಲಿ ಅತ್ತೆ ದೇವರ ಮನೆಯ ದೀಪದ ಕಂಬ ತೊಳೆಯುತ್ತಿದ್ದರು. 'ಒಳ್ಳೇ ಬ್ರಶ್ಶು ತಂದಿದ್ದೆ ಕಣೋ. ಸಂದೀಲಿರೋ ಜಿಡ್ಡೆಲ್ಲ ಬತ್ತದೆ.'

ಡಾಕ್ಟರ ದನಿಯಲ್ಲೇ ಇನ್ನೊಂದು ಫೋನ್ ಮಾಡಿ 'ಪುಡಿ ನಿಲ್ಲಿಸೀಮ್ಮಾ' ಅಂದುಬಿಟ್ಟರೆ? ಕಾಯಿನ್ ಬಾಕ್ಸಿನವರೆಗೂ ಹೋಗಿದ್ದೆ. ರಿಸೀವರ್ ಎತ್ತಿ ಗಂಟಲು ಸರಿಮಾಡಿಕೊಂಡೆ. ಡಾಕ್ಟರು ಬರಲಿಲ್ಲ. ಕರೆದ ತಕ್ಷಣ ಬರುವವರು ಅವತ್ತು ಬರಲೇ ಇಲ್ಲ. ನನ್ನ ದನಿಯೇ, ಅದೂ ಒಡೆದುಕೊಂಡು ಬಂತು. ಇಟ್ಟುಬಿಟ್ಟೆ.

ಐದನೇ ಸಲವೋ ಆರನೇ ಸಲವೋ ಡಾಕ್ಟರು ಎಕ್ಸ್-ರೇಯನ್ನು ಬೆಳಕಿಗೆ ಹಿಡಿದು ತೋರಿಸಿದರು. ಸ್ಕ್ರೂವಿನ ಸುತ್ತ ಮೂಳೆ ಇರಬೇಕಾದ ಕಡೆ ಕಪ್ಪು ಗುಳಿ. 'ಮೂಳೆ ಕರಗ್ತಾ ಇದೇಮ್ಮಾ. ಇನ್ನೊಂದ್ಸಲ ಹೀಗಾದ್ರೆ ಸ್ಕ್ರೂ ತೆಗೀಬೇಕಾಗುತ್ತೆ. ಆಮೇಲೆ ಅಲ್ಲಿ ಮತ್ತೊಂದು ಕೂರೋದು ಕಷ್ಟ.'

ಅವತ್ತು ಬಸ್ಸಿನಲ್ಲಿ ಅತ್ತೆ ಕಿಟಕಿ ಪಕ್ಕ ಕೂತರು. ಬಾಯಿಗೆ ಸೆರಗು ಮತ್ತೆ ಬಂದಿತ್ತು. ನರಸೀಪುರದ ಸೇತುವೆ ಬರುವಾಗ, ನನಗಲ್ಲ, ಕಿಟಕಿಗೆ ಹೇಳುವ ಹಾಗೆ ಹೇಳಿದರು, 'ನನ್ನದೇ ತಪ್ಪು. ಈ ವಯಸ್ಸಲ್ಲಿ ಚೆಂದ ಕಾಣೋ ಆಸೆಗೆ ಮೂಳೆಗೆ ಸ್ಕ್ರೂ ಹೊಡೆಸ್ಕೊಂಡೆ. ದೇವ್ರಿಗೆ ಸರಿ ಬರ್ಲಿಲ್ಲ.' ಆಮೇಲೆ ನನ್ನ ಕಡೆ ತಿರುಗಿ, 'ನಂಜುಂಡಪ್ಪನಿಗೆ ಉರುಳು ಸೇವೆ ಹೊತ್ಕೊಂಡಿದೀನಿ. ಮುಂದಿನ ಸೋಮವಾರ ಬತ್ತೀನಿ. ನೀನು ಜೊತೆಗಿರು.'

ನಂಜನಗೂಡಿನಲ್ಲಿ ಉರುಳು ಸೇವೆ ನಮಗೆ ದಿನದ ನೋಟ. ಕಪಿಲೆಯಲ್ಲಿ ಮುಳುಗಿ, ಒದ್ದೆ ಬಟ್ಟೆಯಲ್ಲೇ ದೇವಸ್ಥಾನದ ಸುತ್ತ ನೆಲದ ಮೇಲೆ ಉರುಳಿಕೊಂಡು ಬರುವುದು. ಮೈ ತುಂಬ ಕಾಯಿಲೆ ಇದ್ದವರು, ಮಕ್ಕಳು ಬದುಕಿ ಬಂದವರು ಉರುಳುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಒಂದು ಹಲ್ಲಿಗಾಗಿ, ಅದೂ ನಾನು ಕೆಡಿಸಿದ ಹಲ್ಲಿಗಾಗಿ, ಮಂಡಿ ನೋವಿನ ನನ್ನ ಅತ್ತೆ ಉರುಳುವುದನ್ನು ನೋಡುತ್ತ ನಾನು ಪಕ್ಕದಲ್ಲಿ ನಡೆಯಬೇಕಿತ್ತು.

ಸೋಮವಾರ ಬೆಳಿಗ್ಗೆ ನದಿಯ ಮೆಟ್ಟಿಲ ಮೇಲೆ ಅತ್ತೆ ವಾಚು ಬಿಚ್ಚಿ ನನ್ನ ಕೈಗೆ ಕೊಟ್ಟರು, ಕನ್ನಡಕ ಕೊಟ್ಟರು. ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡು ನೀರಿಗೆ ಒಂದು ಕಾಲಿಟ್ಟರು.

'ಅತ್ತೆ, ಇಳೀಬೇಡಿ' ಅಂದೆ. 'ಆವತ್ತು ಫೋನ್ ಮಾಡಿದ್ದು ಡಾಕ್ಟ್ರಲ್ಲ. ನಾನು.'

ಅತ್ತೆ ತಿರುಗಿ ನೋಡಿ ನಕ್ಕರು. 'ನನ್ ಮಂಡಿ ನೋಯ್ತದೆ ಅಂತ ನಿಂಗೆ ಸಂಕಟ. ಅದಕ್ಕೆ ಸುಳ್ಳು ಬೇರೆ ಹೇಳ್ತೀಯ. ಸುಮ್ನಿರು ಮಗ.'

ಹುಟ್ಟಿದಾಗಿನಿಂದ ಸುಳ್ಳು ದನಿಯಲ್ಲಿ ಮಾತಾಡಿದವನು ನಿಜ ಹೇಳಿದರೆ ನಂಬುವವರು ಯಾರು? ನನಗೆ ಬೇರೆ ದಾರಿ ಇರಲಿಲ್ಲ. ಕರ್ಚೀಫು ಬೇಕಾಗಲಿಲ್ಲ. ಮೂಗಿನಿಂದ ಶುರುಮಾಡಿದೆ.

'ಹೇಳೀಮ್ಮಾ... ಹೇಗಿದೆ ನಮ್ಮ ಹಲ್ಲು? ಏನೋ ಪುಡಿ ಅಂದ್ರಂತಲ್ಲಾ. ಧಾರಾಳವಾಗಿ ಉಜ್ಜೀಮ್ಮಾ. ವೆರಿ ಗುಡ್, ವೆರಿ ಗುಡ್.'

ಅತ್ತೆಯ ಮುಖ ನಾನು ಮರೆಯುವುದಿಲ್ಲ. ಸಿಟ್ಟು ಬರಲಿಲ್ಲ. ಅವರ ನಗು ಮುಖದ ಮೇಲೆ ಹಾಗೇ ಉಳಿದುಕೊಂಡು, ನಿಧಾನವಾಗಿ ಅದರ ಒಳಗಿದ್ದದ್ದೆಲ್ಲ ಖಾಲಿಯಾಯಿತು. ಕೆಳಗಿನ ಮೆಟ್ಟಿಲ ಮೇಲೆ ಪಾದ ನೀರಲ್ಲಿಟ್ಟುಕೊಂಡೇ ಕೂತರು. ಯಾರೋ ಬಿಂದಿಗೆ ತುಂಬಿಕೊಂಡು ಹೋದರು. ಆಮೇಲೆ ಅತ್ತೆ ಒಂದೇ ಮಾತು ಕೇಳಿದರು.

'ಹಾಗಾದ್ರೆ ಡಾಕ್ಟ್ರು ಫೋನೇ ಮಾಡಿರ್ಲಿಲ್ವಾ?'

'ಇಲ್ಲ ಅತ್ತೆ.'

'ನಾನು ಸ್ಕೂಲಲ್ಲೆಲ್ಲ ಹೇಳ್ಕೊಂಡ್ ಬಂದೆ.'

ಹಲ್ಲಿನ ಮಾತು, ಕೀವಿನ ಮಾತು, ಮೂಳೆಯ ಮಾತು ಯಾವುದೂ ಅವರ ಬಾಯಲ್ಲಿ ಬರಲಿಲ್ಲ. ಒಬ್ಬ ದೊಡ್ಡ ಮನುಷ್ಯ ತನ್ನನ್ನು ನೆನಪಿಟ್ಟುಕೊಂಡು ಫೋನ್ ಮಾಡಿದ ಅನ್ನುವುದನ್ನು ಅವರು ಒಂದೂವರೆ ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದರು. ಅದನ್ನೂ ನಾನೇ ಕಿತ್ತುಕೊಂಡೆ. ನನಗೆ ಅಳು ಬಂತು. ನನ್ನ ಅಳು ಯಾರ ಹಾಗೂ ಇರಲಿಲ್ಲ, ವಿಚಿತ್ರವಾಗಿತ್ತು, ಗೊರಕೆಯ ಹಾಗೆ.

ಅತ್ತೆ ಎದ್ದರು. 'ಷರಟು ಬಿಚ್ಚು' ಅಂದರು. ಅದು ಹೆಡ್‌ಮಿಸ್ಸಿನ ದನಿ.

'ಯಾಕೆ?'

'ಹೊತ್ತ ಹರಕೆ ಬಿಡಂಗಿಲ್ಲ. ನೀರಿಗಿಳಿ.'

ನಾನು ಉರುಳಿದೆ. ಉರುಳುವವನಿಗೆ ದಿಕ್ಕು ಗೊತ್ತಾಗುವುದಿಲ್ಲ, ಪಕ್ಕದಲ್ಲಿ ಒಬ್ಬರು ನಡೆಯುತ್ತ ಹೆಗಲು ಹಿಡಿದು ತಿರುಗಿಸುತ್ತಿರಬೇಕು. ಅತ್ತೆ ಬಗ್ಗಿ ಬಗ್ಗಿ ತಿರುಗಿಸಿದರು. 'ಗೋಡೆ ಕಡೆ ಓಯ್ತಾ ಇದೀಯ. ಈ ಕಡೆ. ಕಾಲು ಮಡಿಸ್ಬೇಡ.' ಆಕಾಶ, ನೆಲ, ಗೋಪುರ, ನೆಲ, ಅತ್ತೆಯ ಕಾಲು, ನೆಲ. ನನ್ನ ಬೀದಿಯ ಹುಡುಗರಿಬ್ಬರು ಅಲ್ಲೇ ನಿಂತಿದ್ದರು. 'ಇದ್ಯಾರ್ದ್ಲಾ ಮಿಮಿಕ್ರಿ?' ಅಂತ ಕೂಗಿದರು. ಅತ್ತೆ ಅವರ ಕಡೆ ಒಂದು ಸಲ ನೋಡಿದರು, ಇಬ್ಬರೂ ಕೈ ಕಟ್ಟಿ ನಿಂತರು.

ಅವತ್ತಿನಿಂದ ಪುಡಿ ನಿಂತಿತು. ಆದರೆ ತಡವಾಗಿತ್ತು. ಮುಂದಿನ ವಾರವೇ ಸ್ಕ್ರೂ ಅಲುಗಾಡತೊಡಗಿತು. ಡಾಕ್ಟರು ಸದ್ದಿಲ್ಲದೆ ಅದನ್ನು ತಿರುಗಿಸಿ ತೆಗೆದು, ಗುಳಿಯನ್ನು ಕೆರೆದು ಬಿಳಿ ಬಟ್ಟೆಗೆ ಒರೆಸಿದರು. ಬಟ್ಟೆಯ ಮೇಲೆ ರಕ್ತದ ಮಧ್ಯೆ ಸಾಸಿವೆಗಿಂತ ಸಣ್ಣ ಕಪ್ಪು ಹರಳುಗಳು.

'ಇದೇನಮ್ಮಾ ಇದು? ಇದ್ದಲಿನ ಹಾಗಿದೆ?'

ನಾನು ಕುರ್ಚಿಯ ಪಕ್ಕದಲ್ಲಿ ನಿಂತಿದ್ದೆ. ಬಾಯಿ ತೆರೆದೆ. ಅತ್ತೆ ಮಲಗಿದ್ದಲ್ಲಿಂದಲೇ ನನ್ನ ಮಣಿಕಟ್ಟು ಹಿಡಿದುಕೊಂಡರು. ಕಾಪಿ ಹೊಡೆಯುವವನನ್ನು ಹಿಡಿಯುವ ಹಿಡಿತ. ಬಾಯಲ್ಲಿ ಹತ್ತಿ ಇಟ್ಟುಕೊಂಡೇ, ತೊದಲುತ್ತ ಹೇಳಿದರು, 'ಮನೇಲಿ ಮಾಡಿದ ಹಲ್ಲುಪುಡಿ ಡಾಕ್ಟ್ರೇ. ನೀವು ಬ್ರಶ್ಶು ಅಂದಿದ್ರಿ. ನಾನೇ ನಿಮ್ಮ ಮಾತು ಕೇಳದೆ ಪುಡೀಲಿ ಉಜ್ದೆ.'

ಡಾಕ್ಟರು ಮಾಸ್ಕು ಕೆಳಗಿಳಿಸಿದರು. ನಾನು ಅವರ ಪೂರ್ತಿ ಮುಖ ನೋಡಿದ್ದು ಅವತ್ತೇ. 'ಪ್ರತಿ ಸಲ ನಾನು ಹೇಳಿದಂಗೇ ಅಂತಿದ್ರಲ್ಲ? ಓದಿದವರು, ನೂರಾರು ಮಕ್ಕಳಿಗೆ ಬುದ್ಧಿ ಹೇಳೋರು ನೀವು. ನಿಮಗೇ ಅರ್ಥ ಆಗ್ಲಿಲ್ಲ ಅಂದ್ರೆ ನಾನು ಇನ್ಯಾರಿಗೆ ಹೇಳ್ಲಿ?' ಕಲಿಯುವ ಹುಡುಗರಿಬ್ಬರೂ ನಿಂತು ಕೇಳಿಸಿಕೊಂಡರು. ಅತ್ತೆ ಕಣ್ಣು ಮುಚ್ಚಿಕೊಂಡು ತಲೆಯಾಡಿಸುತ್ತಿದ್ದರು. ಹಿಡಿತ ಮಾತ್ರ ಸಡಿಲವಾಗಲಿಲ್ಲ. ಸಡಿಲವಾಗಿದ್ದರೂ ನಾನು ಹೇಳುತ್ತಿದ್ದೆನೇ? ಗೊತ್ತಿಲ್ಲ. ಹಿಡಿದುಕೊಂಡಿದ್ದರು ಅನ್ನುವುದು ನನಗೆ ಅನುಕೂಲವೇ ಆಯಿತು.

ಅತ್ತೆ ಮತ್ತೆ ಪುಡಿ ಮಾಡಲಿಲ್ಲ. ಕೇಳಿದವರಿಗೆ 'ಕುಟ್ಟೋಕೆ ಕೈ ನೋಯ್ತದೆ' ಅಂದರು. ನಮ್ಮಪ್ಪ ಈಗ ಪೇಸ್ಟಿನಲ್ಲಿ ಉಜ್ಜುತ್ತ ದಿನಾ ಬೆಳಿಗ್ಗೆ ಗೊಣಗುತ್ತಾರೆ, 'ಬಾಯೊಳಗೆ ಪೆಪ್ಪರಮಿಂಟು ಇಟ್ಕೊಂಡಂಗೆ, ಥೂ. ಪುಡಿ ಅಂದ್ರೆ ಅಕ್ಕನ ಪುಡಿ.' ನಾನು ಪಕ್ಕದಲ್ಲಿ ನೊರೆ ತುಂಬಿದ ಬಾಯಿ ಇಟ್ಟುಕೊಂಡು ಉಜ್ಜುತ್ತಲೇ ಇರುತ್ತೇನೆ. ಅತ್ತೆ ಯಾರಿಗೂ ಹೇಳಿಲ್ಲ. ಮನೆಯವರಿಗೆ ಗೊತ್ತಾಗುವುದು ಇದನ್ನು ಓದಿದ ಮೇಲೆ.

ಸ್ಕ್ರೂ ತೆಗೆಸಿದ ದಿನ ಅತ್ತೆಯನ್ನು ನರಸೀಪುರಕ್ಕೆ ಬಿಡಲು ನಾನೂ ಬಸ್ಸು ಹತ್ತಿದೆ. ಹಳೆಯ ಟಕ್ ಹಲ್ಲು ಮನೆಯಲ್ಲಿ ಡಬ್ಬಿಯೊಳಗೆ ಇತ್ತು, ಗಾಯ ಮಾಗಿದ ಮೇಲೆ ಅದನ್ನೇ ಹಾಕಿಕೊಳ್ಳಬೇಕಿತ್ತು. ಅರ್ಧ ದಾರಿ ಆಗಿತ್ತು. ಮರಗಟ್ಟಿದ್ದು ಇಳಿದಿರಬೇಕು, ಅತ್ತೆ ನನ್ನ ಮೊಣಕೈ ತಿವಿದು ಮುಂದಿನ ಬಾಗಿಲ ಹತ್ತಿರ ಕೂಗಾಡುತ್ತಿದ್ದ ಕಂಡಕ್ಟರ ಕಡೆ ಗಲ್ಲ ತೋರಿಸಿದರು.

'ಅವನ್ನ ಮಾಡು.'

'ಬೇಡ ಅತ್ತೆ.'

'ಮಾಡು ಅಂದೆ.'

ಮಾಡಿದೆ. ಮೆಲ್ಲಗೆ, ಅವರಿಗೊಬ್ಬರಿಗೇ ಕೇಳುವಷ್ಟು. 'ಒಳಗ್ ಓಗ್ರೀ, ಒಳಗೆ ಖಾಲಿ ಐತೆ, ಬಾಗ್ಲಲ್ಲಿ ಏನ್ ಪೂಜೆ ಮಾಡ್ತಿದೀರಾ?'

ಅತ್ತೆಗೆ ನಗು ಬಂತು. ಅದು ತುಟಿಗೆ ಬರುವ ಮೊದಲೇ ಅವರ ಕೈ ಸೆರಗನ್ನು ಎಳೆದು ಬಾಯಿಗೆ ಹಿಡಿಯಿತು.